ಊರಿನ ಓಟು, ಮುಂಬಯಿಯ ವಾಸ

"ಓಟಿಗೆ ಊರಿಗೆ ಹೋಗುದಿಲ್ವಾ?" ಚುನಾವಣೆ ಬಂದಾಗಲೆಲ್ಲ ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಈ ಪ್ರಶ್ನೆ ಏಳುತ್ತದೆ. "ಹೋಗ್ಬೇಕು ಮಾರಾಯ್ರೆ, ರಜೆ ಸಿಗ್ಬೇಕಲ್ಲ!" ಎಂಬುದೇ ಉತ್ತರ.

ಊರಲ್ಲಿರುವ ನಿಮಗೆ ಮತಗಟ್ಟೆ ಹತ್ತಿರದ ಶಾಲೆಯಲ್ಲೇ ಇರುತ್ತದೆ. ಮತದಾರ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು ಎಂಬುದು ಚುನಾವಣಾ ಆಯೋಗದ ಲೆಕ್ಕ. 2009ರಲ್ಲಿ ಗುಜರಾತಿನ ಗಿರ್ ಕಾಡಿನೊಳಗೆ ಒಬ್ಬರೇ ಮತದಾರರಿಗಾಗಿ ಮತಗಟ್ಟೆ ತೆರೆದಿದ್ದರು. ಆದರೆ ದುಡಿಮೆಗಾಗಿ ಊರು ಬಿಟ್ಟವನು ತನ್ನ ದಾರಿಯನ್ನು ತಾನೇ ಸವೆಸಬೇಕು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಉಡುಪಿ, ಮಂಗಳೂರು ಹತ್ತಿರವಾದವು, ನಿಜ. ಮತದಾನದ ದಿನ ಸಂಬಳದ ರಜೆ ಕೊಡಬೇಕೆಂಬ ಕಾನೂನೂ 1996ರಲ್ಲೇ ಬಂದಿದೆ. ಆ ರಜೆ ಒಂದೇ ದಿನದ್ದು. ಹೋಗಿ ಬರುವ ದಾರಿಗೇ ಎರಡು ರಾತ್ರಿ ಬೇಕು.

ಹಾಗಾದರೆ ಮುಂಬಯಿಯಲ್ಲೇ ಹೆಸರು ಸೇರಿಸಬಾರದೇ? ಸೇರಿಸಬಹುದು. 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುವುದೂ ಅದನ್ನೇ: ಊರಲ್ಲಿ ಮನೆಯಿದ್ದರೆ ಸಾಲದು, ವಾಸ ಇರಬೇಕು, ಹೆಸರು ಒಂದೇ ಕಡೆ ಇರಬೇಕು. ಆದರೆ ಮಾಲೀಕರ ಕೋಣೆಯಲ್ಲಿ ಮಲಗುವ ಹುಡುಗ ವಿಳಾಸದ ಕಾಗದ ಎಲ್ಲಿಂದ ತರಬೇಕು? ತಂದರೂ ಊರಿನ ಪಟ್ಟಿಯಿಂದ ಹೆಸರು ತೆಗೆಸಲು ಮನಸ್ಸು ಒಪ್ಪಬೇಕಲ್ಲ.

ದೂರದಿಂದಲೇ ಓಟು ಹಾಕುವ ಯಂತ್ರವೊಂದನ್ನು ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಪಕ್ಷಗಳಿಂದ ಆಕ್ಷೇಪ ಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ಅದು ಬಳಕೆಯಾಗಲಿಲ್ಲ.

ನಿಮ್ಮೂರಿನ ಮತಗಟ್ಟೆಯಲ್ಲಿ ಬಾರದವರ ಲೆಕ್ಕ ಹಾಕುವಾಗ ಎಲ್ಲರನ್ನೂ ಸೋಮಾರಿಗಳೆನ್ನಬೇಡಿ. ಅವರಲ್ಲಿ ಕೆಲವರು ಆ ಹೊತ್ತಿಗೆ ಇಲ್ಲಿ ದೋಸೆ ಕಾವಲಿಯ ಮುಂದೆ ನಿಂತಿರುತ್ತಾರೆ.