ಡಾಕ್ಟರ್ ಸೀಟಿನ ನೂರು ವರ್ಷ

ನೀಟ್ ಫಲಿತಾಂಶ ಬಂದ ವಾರ ನಮ್ಮ ಆಸ್ಪತ್ರೆಯ ಔಷಧ ಕೌಂಟರಿಗೆ ಬರುವ ಕನ್ನಡಿಗರು ಮಾತ್ರೆ ಕೈಗೆ ಸಿಕ್ಕರೂ ಹೋಗುವುದಿಲ್ಲ. "ಅಣ್ಣಾ, ನೀವು ಆಸ್ಪತ್ರೆಯಲ್ಲೇ ಇರುವವರು, ಹೇಳಿ. ಮಂಗಳೂರಿನಲ್ಲಿ ಎನ್‌ಆರ್‌ಐ ಸೀಟು ಇದೆಯಂತೆ, ದುಡ್ಡು ಜಾಸ್ತಿ. ಜಾರ್ಜಿಯಾ ಅಗ್ಗ ಅಂತಾರೆ. ಯಾವುದಕ್ಕೆ ಸೇರಿಸೋಣ?" ನಾವು ಡಿ.ಫಾರ್ಮ ಓದಿ ಬಂದವರು, ಡಾಕ್ಟರ್ ಆದವರಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾದದ್ದು ಇಷ್ಟು: ಖರ್ಚು, ಹೆಸರು, ಅನುಕೂಲ ಎಂದು ನಾವು ಈಗ ತೂಗಿ ನೋಡುತ್ತೇವಲ್ಲ, ಹಾಗೆ ತೂಗುವ ಅವಕಾಶ ನಮ್ಮ ನಾಡಿನ ಸಾಮಾನ್ಯ ಮನೆತನಗಳಿಗೆ ಸಿಕ್ಕಿ ಇನ್ನೂ ಬಹಳ ಕಾಲವಾಗಿಲ್ಲ.

ಸೀಮೆಗೊಂದು ದಾರಿ

ಹಿಂದೆ ಹುಟ್ಟಿದ ಸೀಮೆಯೇ ಕಾಲೇಜನ್ನು ನಿರ್ಧರಿಸುತ್ತಿತ್ತು. ದಕ್ಷಿಣ ಕನ್ನಡದ ಹುಡುಗ ಡಾಕ್ಟರ್ ಆಗಬೇಕಿದ್ದರೆ 1835ರಲ್ಲಿ ಶುರುವಾದ ಮದರಾಸಿನ ಕಾಲೇಜಿನ ಕಡೆ ನೋಡಬೇಕಿತ್ತು. ಧಾರವಾಡ, ಬೆಳಗಾವಿಯವರಿಗೆ 1845ರಲ್ಲಿ ಶುರುವಾದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು. ಕಲಬುರ್ಗಿ, ರಾಯಚೂರು ಕಡೆಯವರಿಗೆ ಹೈದರಾಬಾದು. ದೂರದ ಪಟ್ಟಣದಲ್ಲಿ ಊಟ, ವಸತಿಯ ಖರ್ಚು ಹೊರಬಲ್ಲ ಮನೆಗಳು ಎಷ್ಟಿದ್ದಾವು?

ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೆಂಗಳೂರಿನಲ್ಲಿ ಒಂದು ಮೆಡಿಕಲ್ ಸ್ಕೂಲ್ ಶುರುವಾಯಿತು. ಅಲ್ಲಿ ಕೊಡುತ್ತಿದ್ದದ್ದು ಪದವಿಯಲ್ಲ, ಎಲ್‌ಎಂಪಿ ಎಂಬ ಡಿಪ್ಲೊಮಾ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಮೈಸೂರು ಮೆಡಿಕಲ್ ಕಾಲೇಜು ಹುಟ್ಟಿತು. ಅದೂ ಮೊದಲು ಬೆಂಗಳೂರಿನಲ್ಲೇ ಇದ್ದು, 1930ರಲ್ಲಿ ಮೈಸೂರಿಗೆ ಹೋಯಿತು. ಆ ಕಾಲದ ದೊಡ್ಡ ಲೆಕ್ಕಾಚಾರ ಎಲ್‌ಎಂಪಿಯೋ ಎಂಬಿಬಿಎಸ್ಸೋ ಎಂಬುದು. ಎಲ್‌ಎಂಪಿ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ, ಆದರೆ ಕೆಲಸದಲ್ಲಿ ಸ್ಥಾನವೂ ಸಂಬಳವೂ ಕೆಳಗೆ. ಡಿಪ್ಲೊಮಾ ಓದಿದ ನಮಗೆ ಆ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1946ರ ಭೋರ್ ಸಮಿತಿ ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯರು ಸಾಕು ಎಂದು ಹೇಳಿದ ಮೇಲೆ ಎಲ್‌ಎಂಪಿ ಕಾಲ ಮುಗಿಯಿತು.

ಎರಡಾಣೆ ಊರಿನ ಕಾಲೇಜು

ಮುಂದಿನ ತಿರುವು ಮಣಿಪಾಲದ್ದು. ಡಾ. ಟಿ.ಎಂ.ಎ. ಪೈ ಸ್ವತಃ ವೈದ್ಯರು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಆ ಬ್ಯಾಂಕಿನವರು 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಸಂಗ್ರಹಿಸುತ್ತಿದ್ದುದು ನಮ್ಮ ಕರಾವಳಿಯ ಹಿರಿಯರಿಗೆಲ್ಲ ಗೊತ್ತು. ಅದೇ ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ರೋಗಿಗಳನ್ನು ನೋಡಿ ಕಲಿಯಲು ದೊಡ್ಡ ಆಸ್ಪತ್ರೆ ಬೇಕಲ್ಲ? ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಜೊತೆ ಒಪ್ಪಂದವಾಯಿತು. ಸರ್ಕಾರದ ಬೊಕ್ಕಸ ಹೊರುತ್ತಿದ್ದ ಖರ್ಚನ್ನು ಇಲ್ಲಿ ವಿದ್ಯಾರ್ಥಿಗಳ ತಂದೆತಾಯಿಗಳೇ ಹೊರುವ ಪದ್ಧತಿ ಬಂತು. ಕಾಲೇಜೇ ಇಲ್ಲದ ಸೀಮೆಗೆ ಕಾಲೇಜು ಬಂದದ್ದೂ ನಿಜ, ಸೀಟಿಗೆ ಬೆಲೆ ಎಂಬ ಮಾತು ಬಳಕೆಗೆ ಬಂದದ್ದೂ ನಿಜ.

ಆಮೇಲೆ ಒಂದರ ಹಿಂದೆ ಒಂದು. 1955ರಲ್ಲಿ ಬೆಂಗಳೂರು. ಸರ್ಕಾರದ ಕಡೆಯಿಂದ 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ. ಸಂಘ ಸಂಸ್ಥೆಗಳ ಕಡೆಯಿಂದ 1963ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ, ಅದೇ ವರ್ಷ ಕಲಬುರ್ಗಿಯ ಎಂ.ಆರ್. ಮೆಡಿಕಲ್ ಕಾಲೇಜು ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್, 1965ರಲ್ಲಿ ದಾವಣಗೆರೆ.

ಡೊನೇಷನ್ ಕಾಲ

1979ರಿಂದ ಮುಂದಿನ ಹತ್ತು ವರ್ಷ ಖಾಸಗಿ ಕಾಲೇಜುಗಳ ಸಾಲೇ ಬಂತು. ಕ್ಯಾಪಿಟೇಷನ್ ಶುಲ್ಕ, ನಮ್ಮ ಮಾತಿನಲ್ಲಿ ಡೊನೇಷನ್, ಮನೆಮಾತಾಯಿತು. ಉತ್ತರ ಭಾರತದಿಂದ ಹುಡುಗರು ರೈಲು ಹತ್ತಿ ಕರ್ನಾಟಕಕ್ಕೆ ಬರತೊಡಗಿದರು. 1984ರಲ್ಲಿ ರಾಜ್ಯ ಸರ್ಕಾರ ಡೊನೇಷನ್ ನಿಷೇಧಿಸುವ ಕಾಯ್ದೆ ಮಾಡಿತು. ಆದರೆ ಅದರ ಅಡಿಯಲ್ಲೇ 1989ರಲ್ಲಿ ಬಂದ ಆದೇಶ ನೋಡಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000. ಕಾಲೇಜೂ ಬೆಂಚೂ ಒಂದೇ, ದರ ಮಾತ್ರ ಮೂರು.

ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಸೀಟು ಕೇಳಿದ ಉತ್ತರ ಪ್ರದೇಶದ ಹುಡುಗಿಯೊಬ್ಬಳಿಗೆ ಈ 60,000 ಕಟ್ಟಿ, ಉಳಿದ ವರ್ಷಗಳ ಹಣಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದರು. ತಂದೆಗೆ ಆಗಲಿಲ್ಲ. ಹುಡುಗಿ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ಬಂದ ಮೋಹಿನಿ ಜೈನ್ ತೀರ್ಪು, ಕ್ಯಾಪಿಟೇಷನ್ ವಸೂಲಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟನ್ನು ಅರ್ಧ ಫ್ರೀ, ಅರ್ಧ ಪೇಮೆಂಟ್ ಎಂದು ಹಂಚಿ, ಎರಡಕ್ಕೂ ಮೆರಿಟ್ ಪ್ರಕಾರವೇ ಆಯ್ಕೆ ಎಂದು ಹೇಳಿತು.

ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದ ಸಿಇಟಿ ಬಂತು. ರ‍್ಯಾಂಕ್ ಕರೆದಾಗ ಎದ್ದು ಹೋಗಿ, ಖಾಲಿ ಇರುವ ಕಾಲೇಜುಗಳ ಪಟ್ಟಿ ನೋಡಿ, "ಇದು ಬೇಕು" ಎಂದು ಹೇಳುವುದು. ರೈತರ, ಮೇಷ್ಟ್ರ, ಗುಮಾಸ್ತರ ಮಕ್ಕಳು ಖಾಸಗಿ ಕಾಲೇಜನ್ನೂ ಸೇರಿಸಿಕೊಂಡು ಆರಿಸಿದ್ದು ಆಗ. 2006ರ ಸುಮಾರಿಗೆ ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರಗಳಿಗೆ ಸರ್ಕಾರಿ ಕಾಲೇಜು ಬಂದ ಮೇಲೆ ಆ ಪಟ್ಟಿ ಇನ್ನೂ ಉದ್ದವಾಯಿತು.

ನಮ್ಮ ಹೆಸರಿನ ಸೀಟು

2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಈ ಅರ್ಧ-ಅರ್ಧ ಪದ್ಧತಿಯನ್ನು ತೆಗೆದುಹಾಕಿತು. 2005ರ ಆಗಸ್ಟಿನ ಇನಾಮ್‌ದಾರ್ ತೀರ್ಪು ಖಾಸಗಿ ಕಾಲೇಜುಗಳಲ್ಲಿ ಶೇ. 15ರವರೆಗೆ ಎನ್‌ಆರ್‌ಐ ಸೀಟು ಇರಬಹುದು ಎಂದಿತು. ಗಲ್ಫಿನಲ್ಲಿರುವ ನಾವು ಓದಲೇಬೇಕಾದ ಮಾತು ಅದರಲ್ಲಿದೆ. ಆ ಸೀಟು ನಿಜವಾದ ಅನಿವಾಸಿಗಳ ಮಕ್ಕಳಿಗೇ ಹೋಗಬೇಕು. ಅದರಲ್ಲೂ ಮೆರಿಟ್ ಪೂರ್ತಿ ಬಿಡುವಂತಿಲ್ಲ. ನಮ್ಮಿಂದ ಪಡೆದ ಹೆಚ್ಚಿನ ಹಣ ಬಡ ವಿದ್ಯಾರ್ಥಿಗಳ ಉಪಯೋಗಕ್ಕೆ ಹೋಗಬೇಕು. ಅಂದರೆ ನಮ್ಮ ದುಡಿಮೆಯಿಂದ ಊರಿನ ಇನ್ನೊಂದು ಮಗುವೂ ಓದಲಿ ಎಂಬುದು ಅದರ ಆಶಯ. ಇಂದು ಎನ್‌ಆರ್‌ಐ ಸೀಟಿಗೂ ನೀಟ್ ಪಾಸಾಗಬೇಕು, ಕೌನ್ಸೆಲಿಂಗ್ ಮೂಲಕವೇ ಹೋಗಬೇಕು. "ಮುಂಗಡ ಕೊಡಿ, ಸೀಟು ಹಿಡಿದಿಡುತ್ತೇವೆ" ಎನ್ನುವ ಏಜೆಂಟರನ್ನು ನಂಬಬೇಡಿ.

ಖರ್ಚಿನ ಲೆಕ್ಕದಲ್ಲಿ ನಾವು ಮರೆಯುವ ಸಂಗತಿ ಒಂದಿದೆ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ನಮ್ಮಲ್ಲಿ ಎಷ್ಟೋ ಜನರ ವೀಸಾ ಎರಡೇ ವರ್ಷದ್ದು. ಎರಡನೇ ವರ್ಷ ಕೆಲಸ ಹೋದರೆ ಮೂರನೇ ವರ್ಷದ ಫೀಸು ಎಲ್ಲಿಂದ? ಅದಕ್ಕೆ ಉತ್ತರ ಇದ್ದರೆ ಮಾತ್ರ ಸಹಿ ಹಾಕಿ.

ಹೊರದೇಶದ ಅಗ್ಗ

ಇಲ್ಲೇ ಮನೆಯಲ್ಲಿಟ್ಟುಕೊಂಡು ಓದಿಸುವ ದಾರಿಯೂ ಇದೆ. ಮಂಗಳೂರು ಬಳಿಯ ತುಂಬೆ ಮೂಲದ ತುಂಬೆ ಮೊಯ್ದಿನ್ 1998ರಲ್ಲಿ ಅಜ್ಮಾನಿನಲ್ಲಿ ಕಟ್ಟಿದ ಕಾಲೇಜು ಈಗ ಗಲ್ಫ್ ಮೆಡಿಕಲ್ ಯೂನಿವರ್ಸಿಟಿ. ಆದರೆ ಹೊರಗೆ ಎಲ್ಲೇ ಓದಿದರೂ ಊರಲ್ಲಿ ವೃತ್ತಿ ಮಾಡಲು 2002ರಿಂದ ಸ್ಕ್ರೀನಿಂಗ್ ಪರೀಕ್ಷೆ ಇದೆ. 2021ರ ನಿಯಮದಂತೆ ಒಂದೇ ಸಂಸ್ಥೆಯಲ್ಲಿ ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಕಲಿಕೆ ಇಂಗ್ಲಿಷಿನಲ್ಲಿರಬೇಕು, ಪದವಿಗೆ ಆ ದೇಶದಲ್ಲೇ ವೃತ್ತಿ ಮಾಡುವ ಹಕ್ಕಿರಬೇಕು.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿಗೆ ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ. 97 ಅಂಕ ಬಂದರೂ ಊರಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಹೇಳಿದ್ದನ್ನು ನಾವೆಲ್ಲ ಇಲ್ಲಿ ಕೂತು ಟಿವಿಯಲ್ಲಿ ಕೇಳಿದೆವು. ಮನೆಯವರು ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು.

ಚೀಟಿಯಲ್ಲಿ ಕಾಲೇಜಿನ ಹೆಸರಿಲ್ಲ

ಇನ್ನು ಕಾಲೇಜಿನ ಹೆಸರಿನ ಮಾತು. ದಿನಕ್ಕೆ ನೂರಾರು ಔಷಧ ಚೀಟಿ ನಮ್ಮ ಕೈಗೆ ಬರುತ್ತವೆ. ಡೋಸ್ ಸರಿಯಿದೆಯೇ, ಒಂದು ಮಾತ್ರೆಗೆ ಇನ್ನೊಂದು ಆಗಿಬರುತ್ತದೆಯೇ ಎಂದು ನೋಡುತ್ತೇವೆ. ಬರೆದವರು ಎಲ್ಲಿ ಓದಿದರು ಎಂದು ಚೀಟಿ ಹೇಳುವುದಿಲ್ಲ. ಮುಂದೆ ಸ್ನಾತಕೋತ್ತರ ಸೀಟಿಗೂ ಲೆಕ್ಕಕ್ಕೆ ಬರುವುದು ಪರೀಕ್ಷೆಯ ರ‍್ಯಾಂಕು. ವಾರ್ಡಿನಲ್ಲಿ ರೋಗಿಗಳು ತುಂಬಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಕೈ ಪಳಗುವಷ್ಟು, ಎಸಿ ಹಾಸ್ಟೆಲಿನಲ್ಲಿ ಪಳಗುವುದಿಲ್ಲ.

ನಮ್ಮ ಮನೆಯಲ್ಲೂ ಈ ಲೆಕ್ಕ ನಡೆಯಿತು. ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಏಳು ವರ್ಷ ಅಲ್ಲೇ ಓದಿರಬೇಕು. ಹಾಗಾಗಿ ಮಗಳು ಆರನೇ ಕ್ಲಾಸಿಗೆ ಬಂದಾಗ ತಾಯಿ ಮಗಳಿಬ್ಬರೂ ಊರಿಗೆ ಹೋದರು. ಏಳು ವರ್ಷ ನಾವು ಇಲ್ಲಿ ಬೆಡ್‌ಸ್ಪೇಸಿನಲ್ಲಿ. ಫೀಸಿನ ರಸೀದಿಯಲ್ಲಿ ಬಾರದ ಖರ್ಚು ಅದು. ಸೀಟು ಬಂದದ್ದು ರಾಯಚೂರಿಗೆ. "ಅಷ್ಟು ವರ್ಷ ಗಲ್ಫಿನಲ್ಲಿದ್ದು ರಾಯಚೂರಾ? ಆ ಬಿಸಿಲಾ?" ಎಂದರು ನೆಂಟರು. ಬಿಸಿಲು ನಮಗೇನೂ ಹೊಸದಲ್ಲವಲ್ಲ ಎಂದು ನಕ್ಕು, ಗ್ರಾಚ್ಯುಟಿ ಹಣಕ್ಕೆ ಕೈಹಾಕದೆ ಸೇರಿಸಿದೆವು.

ನಿಮ್ಮ ಉತ್ತರ ಬೇರೆ ಇರಬಹುದು. ಮಗು ಗಲ್ಫಿನಲ್ಲೇ ಓದಿದ್ದರೆ, ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಸೀಟಿಗೆ ಸ್ಪರ್ಧಿಸಬಹುದು, ಅದನ್ನು ಮೊದಲು ನೋಡಿ. ಆಯಾ ವರ್ಷದ ನಿಯಮ ಪುಸ್ತಿಕೆಯನ್ನು ನೀವೇ ಓದಿ. ಮೂರು ತಲೆಮಾರಿನವರಿಗೆ ಇಲ್ಲದ ಆಯ್ಕೆ ನಮ್ಮ ಮಕ್ಕಳಿಗೆ ಸಿಕ್ಕಿದೆ. ಕೌಂಟರಿನ ಬಳಿ ಬನ್ನಿ, ಕೂತು ಲೆಕ್ಕ ಹಾಕೋಣ.