ಹೃದ್ರೋಗ ಸಂಶೋಧನೆಯ ಪ್ರಾದೇಶಿಕ ಅಳತೆ

ಒಂದು ಪ್ರದೇಶದ ವೈದ್ಯರು, ವಿಜ್ಞಾನಿಗಳು ಹೃದಯದ ಕಾಯಿಲೆಗಳ ಬಗ್ಗೆ ಎಷ್ಟು ಪ್ರಬಂಧ ಪ್ರಕಟಿಸಿದ್ದಾರೆ, ಬೇರೆಯವರು ಅವನ್ನು ಎಷ್ಟು ಉಲ್ಲೇಖಿಸಿದ್ದಾರೆ ಎಂದು ಲೆಕ್ಕ ಹಾಕುವ ಕ್ರಮವಿದು. ಪಬ್‌ಮೆಡ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧ ಸೂಚಿಗಳು ಇದರ ಆಕರಗಳು. ಇಂಥ ಎಣಿಕೆಯ ಬೇರು ಗ್ರಂಥಾಲಯ ವಿಜ್ಞಾನದಲ್ಲಿದೆ: ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬೇಕೆಂದು 1948ರಲ್ಲೇ ಹೇಳಿದವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. 1962ರಲ್ಲಿ ಅವರು ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನೂ ಕಟ್ಟಿದರು.

ಲೆಕ್ಕವೆಲ್ಲ ನಿಂತಿರುವುದು ಲೇಖಕರ ವಿಳಾಸದ ಮೇಲೆ. ಬೆಂಗಳೂರಿನ ಎರಡು, ದೆಹಲಿಯ ಒಂದು, ಕೆನಡಾದ ಒಂದು ಸಂಸ್ಥೆ ಸೇರಿ ಬರೆದ ಪ್ರಬಂಧ ಪೂರ್ಣ ಎಣಿಕೆಯಲ್ಲಿ ಕರ್ನಾಟಕಕ್ಕೆ 1, ಭಾಗಶಃ ಎಣಿಕೆಯಲ್ಲಿ 0.5. ಊರಿನ ಹೆಸರೂ ತೊಡಕು ತರುತ್ತದೆ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರೂ ಬದಲಾಗಿದೆ. ಹಳೆಯದು, ಹೊಸದು ಎರಡನ್ನೂ ಹುಡುಕದವರಿಗೆ ಹಲವು ಪ್ರಬಂಧಗಳು ಸಿಗುವುದಿಲ್ಲ.

ವಿಳಾಸ ಹೇಳದ ಸಂಗತಿಗೆ ಉತ್ತಮ ನಿದರ್ಶನ 'ಕ್ರಿಯೇಟ್' ಅಧ್ಯಯನ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 2008ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ ಇದು ಭಾರತದ 50 ನಗರಗಳ 89 ಆಸ್ಪತ್ರೆಗಳಿಂದ 20,468 ಹೃದ್ರೋಗಿಗಳ ವಿವರ ಕಲೆಹಾಕಿತು. ಅವರ ಸರಾಸರಿ ವಯಸ್ಸು 57.5. ನೋವು ಶುರುವಾಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಳೆದ ಕಾಲದ ಮಧ್ಯಾಂಕ 360 ನಿಮಿಷ. ಆರು ಗಂಟೆ! ಹೃದಯದ ಸ್ನಾಯು ಸಾಯಲು ಅದು ಧಾರಾಳವಾಗಿ ಸಾಕು. ಸೂಚಿಯಲ್ಲಿ ಮಾತ್ರ ಇದು ಒಂದೇ ಒಂದು ಪ್ರಬಂಧ. ಹೆಚ್ಚೆಂದರೆ ಅದು ಗಳಿಸಿದ ಉಲ್ಲೇಖಗಳ ಸಂಖ್ಯೆ ಅದರ ತೂಕವನ್ನು ಸೂಚಿಸೀತು.

ಕೊಪ್ಪಳ ಜಿಲ್ಲೆಗೆ ಈ ಅಳತೆಯಿಂದ ನ್ಯಾಯ ಸಿಗುವುದಿಲ್ಲ. ಕೂದಲು ಉದ್ಯಮಕ್ಕೂ ನೇಕಾರಿಕೆಗೂ ಹೆಸರಾದ ಭಾಗ್ಯನಗರದವರಾಗಲಿ, ಕುಷ್ಟಗಿ, ಯಲಬುರ್ಗಾದ ರೈತರಾಗಲಿ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯನ್ನೋ ಕಲಬುರಗಿಯನ್ನೋ ಬೆಂಗಳೂರನ್ನೋ ಹಿಡಿಯಬೇಕು. ಅವರ ರಕ್ತನಾಳದ ಚಿತ್ರ ಅಲ್ಲಿ ಅಧ್ಯಯನವಾದರೆ ಎಣಿಕೆ ಆ ನಗರಕ್ಕೇ ಸೇರುತ್ತದೆ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದೇ 2015ರಲ್ಲಿ. ಹಾಗಾಗಿ ಇಲ್ಲಿನ ಕಡಿಮೆ ಅಂಕಿಯನ್ನು ಕಡಿಮೆ ಕಾಯಿಲೆ ಎಂದು ಓದುವುದು ಅಪಾಯಕಾರಿ.

ಇದಕ್ಕೆ ದಾರಿಯಿದೆ. ಜಯದೇವ ಸಂಸ್ಥೆ 2017ರಲ್ಲಿ ಆರಂಭಿಸಿದ, 40 ದಾಟದ ಹೃದ್ರೋಗಿಗಳ ನೋಂದಣಿಯಂಥ ಕೆಲಸಗಳಲ್ಲಿ ರೋಗಿಯ ತಾಲ್ಲೂಕನ್ನೂ ಪ್ರಬಂಧದಲ್ಲಿ ಕೋಷ್ಟಕವಾಗಿ ಕೊಡಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಂದ ದೊಡ್ಡ ಕೇಂದ್ರಗಳಿಗೆ ಹೋಗುವ ಇಸಿಜಿಗಳಿಂದ ಪ್ರಬಂಧ ಬರೆಯುವಾಗ, ಇಸಿಜಿ ತೆಗೆದ ವೈದ್ಯರನ್ನೂ ಲೇಖಕರ ಪಟ್ಟಿಗೆ ಸೇರಿಸಿಕೊಳ್ಳಬಹುದು. ಆಗ ಕೊಪ್ಪಳದ ವಿಳಾಸವೂ ಸೂಚಿಗೆ ಬರುತ್ತದೆ.