ಹದಿನೈದು ಲಕ್ಷ ರೂಪಾಯಿ, ಮೂವತ್ತೊಂದು ವರ್ಷ

ಚರ್ಚ್‌ಗೇಟ್, ಮರೀನ್ ಲೈನ್ಸ್ ಕಡೆ ಓಡಾಡುವ ನಮ್ಮ ಮುಂಬಯಿ ಕನ್ನಡಿಗರಿಗೆ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯ ಹೊಸದೇನಲ್ಲ. ಆದರೆ ಆ ನಾಲ್ಕು ಇಂಗ್ಲಿಷ್ ಅಕ್ಷರಗಳು ಒಬ್ಬ ತಾಯಿಯ ಹೆಸರು ಎಂಬುದು ಎಷ್ಟು ಜನರಿಗೆ ಗೊತ್ತು? ಶ್ರೀಮತಿ ನಾಥೀಬಾಯಿ ದಾಮೋದರ್ ಠಾಕರ್‌ಸಿ. ಅವರ ಮಗ, ಬಟ್ಟೆ ಗಿರಣಿಗಳ ಒಡೆಯ ಸರ್ ವಿಠ್ಠಲದಾಸ್ ಠಾಕರ್‌ಸಿ, 1920ರಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯಕ್ಕೆ 15 ಲಕ್ಷ ರೂಪಾಯಿಗಳ ದಾನ ಘೋಷಿಸಿ ತಾಯಿಯ ಹೆಸರನ್ನು ಅದಕ್ಕೆ ಇಡಿಸಿದರು.

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು, ಅಲ್ಲಿನ ಸಿಎಸ್‌ಆರ್ ತಂಡದಲ್ಲಿ ಸ್ವಯಂಸೇವಕಿ. ಪ್ರತಿ ಮಾರ್ಚ್‌ನಲ್ಲಿ "ಈ ಹಣದಿಂದ ಏನು ಬದಲಾಯಿತು?" ಎಂಬ ಪ್ರಶ್ನೆಗೆ ಉತ್ತರ ಹುಡುಕಿ ಎಕ್ಸೆಲ್ ಹಾಳೆ ತುಂಬುತ್ತೇವೆ. ಉದ್ಯಮಿಗಳ ಹಣ ನಿಜಕ್ಕೂ ಸಮಾಜವನ್ನು ಎಷ್ಟು ಮುಂದೆ ತರುತ್ತದೆ, ರಾಜಕೀಯ ಬದಲಾದಾಗ ಆ ಕೆಲಸದ ಗತಿ ಏನು ಎಂಬ ಕುತೂಹಲವೇ ನನ್ನನ್ನು ಈ ಚರಿತ್ರೆಯ ಕಡೆಗೆ ಎಳೆಯಿತು.

ಕಥೆಯ ಮೊದಲ ಎಳೆ ಸಿಗುವುದು ಜಪಾನಿನಲ್ಲಿ. 1868ರ ಮೈಜಿ ಕ್ರಾಂತಿಯ ನಂತರ ಅಲ್ಲಿನ ಹಳೆಯ ಸಾಮಂತರ ಕಾಲ ಮುಗಿಯಿತು. ಅವರಿಗೆ ಸಾಲ ಕೊಟ್ಟಿದ್ದ ಒಸಾಕಾದ ವರ್ತಕ ಮನೆತನಗಳು ತತ್ತರಿಸಿದವು. ಅಂಥದೊಂದು ಮನೆತನದ ಸೊಸೆ ಹಿರೋಓಕಾ ಅಸಾಕೊ ಕಲ್ಲಿದ್ದಲು ಗಣಿ, ಬ್ಯಾಂಕು, ಜೀವವಿಮೆ ಎಂದು ಹೊಸ ವ್ಯವಹಾರಗಳಿಗೆ ಕೈಹಾಕಿ ಮನೆತನವನ್ನು ಎತ್ತಿ ನಿಲ್ಲಿಸಿದರು. ಶಿಕ್ಷಣತಜ್ಞ ನರುಸೆ ಜಿನ್ಜೊ ಮಹಿಳಾ ವಿಶ್ವವಿದ್ಯಾಲಯದ ಕನಸು ಹಿಡಿದು ಬಂದಾಗ ತಾವೂ ಹಣ ಕೊಟ್ಟು ಬೇರೆಯವರಿಂದಲೂ ಕೊಡಿಸಿದರು. 1901ರಲ್ಲಿ ಟೋಕಿಯೊದಲ್ಲಿ ಜಪಾನ್ ಮಹಿಳಾ ವಿಶ್ವವಿದ್ಯಾಲಯ ತೆರೆಯಿತು.

ಆ ಸಂಸ್ಥೆಯ ಬಗ್ಗೆ ಒಂದು ಪುಟ್ಟ ಪುಸ್ತಿಕೆ 1915ರಲ್ಲಿ ಪುಣೆಯ ಧೋಂಡೋ ಕೇಶವ ಕರ್ವೆಯವರ ಕೈಸೇರಿತು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿದ್ದ ಮೇಷ್ಟ್ರು ಅವರು. 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾಗಿ ಜನರ ಕೋಪಕ್ಕೆ ಗುರಿಯಾಗಿದ್ದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದು, ಮುಂದೆ ಪುಣೆಯ ಹೊರಗೆ ಹಿಂಗಣೆಯಲ್ಲಿ ಬೆಳೆಸಿದ್ದರು. ಪುಸ್ತಿಕೆ ಓದಿದ ಮರುವರ್ಷವೇ, 1916ರಲ್ಲಿ, ಭಾರತೀಯ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು. ಮೊದಲ ವರ್ಷ ವಿದ್ಯಾರ್ಥಿನಿಯರು ಐದೇ ಮಂದಿ. ಪಾಠ ಮಾತೃಭಾಷೆಯಲ್ಲಿ, ಇಂಗ್ಲಿಷ್ ಒಂದು ವಿಷಯವಾಗಿ. ಪದವಿಯ ಹೆಸರು ಬಿ.ಎ. ಎಂದಿರಲಿಲ್ಲ. ಅದು ಜಿ.ಎ., ಅಂದರೆ 'ಗೃಹೀತಾಗಮಾ'.

ಅದೇ 1916ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿತು. ಅದರ ಬೆನ್ನಿಗೆ ನಾಲ್ವಡಿ ಕೃಷ್ಣರಾಜ ಒಡೆಯರಿದ್ದರು, ದಿವಾನ್ ವಿಶ್ವೇಶ್ವರಯ್ಯನವರಿದ್ದರು, ಸಂಸ್ಥಾನದ ಖಜಾನೆಯಿತ್ತು, ಕಾನೂನಿತ್ತು. ಕರ್ವೆಯವರಿಗೆ ಇದ್ದದ್ದು ರಸೀದಿ ಪುಸ್ತಕ ಮಾತ್ರ. ಅವರೂ ಅವರ ಸಂಗಾತಿಗಳೂ ಊರೂರು ತಿರುಗಿ ಚಂದಾ ಎತ್ತಿದರು. ಕರ್ವೆಯವರ ಪತ್ನಿಯ ಸೋದರಿ ಪಾರ್ವತಿಬಾಯಿ ಆಠವಲೆ, ತಾವೇ ವಿಧವೆ, ಇಂಗ್ಲಿಷ್ ಕಲಿಯಲು ಅಮೆರಿಕಕ್ಕೆ ಹೋಗಿ, ಅಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಂಡು, ಆಶ್ರಮಕ್ಕಾಗಿ ಹಣವನ್ನೂ ಕೂಡಿಸಿದರು. ಉದ್ಯಮಿಯ ಲಕ್ಷಗಳು ಬರುವ ಮುಂಚೆ ಸಂಸ್ಥೆಯನ್ನು ಬದುಕಿಸಿದ್ದು ಇಂಥ ಕೈಗಳು.

ಈಗ ನಮ್ಮವರೊಬ್ಬರು ಕಥೆಯೊಳಗೆ ಬರುತ್ತಾರೆ. ದಿವಾನಗಿರಿ ಬಿಟ್ಟ ಬಳಿಕ ಸರ್ ಎಂ.ವಿ. ಅವರು ವಿಶ್ವ ಪ್ರವಾಸ ಹೊರಟಾಗ ಜೊತೆಗಿದ್ದವರು ವಿಠ್ಠಲದಾಸ್ ಠಾಕರ್‌ಸಿ ಮತ್ತು ಅವರ ಪತ್ನಿ ಪ್ರೇಮಲೀಲಾ. ಟೋಕಿಯೊದ ಆ ಮಹಿಳಾ ವಿಶ್ವವಿದ್ಯಾಲಯವನ್ನು ಅವರು ಕಣ್ಣಾರೆ ಕಂಡರು. ಕಾಗದದ ಮೇಲೆ ಕರ್ವೆ ಓದಿದ್ದು ಠಾಕರ್‌ಸಿಯವರ ಎದುರು ಕಟ್ಟಡವಾಗಿ, ತರಗತಿಯಾಗಿ ನಿಂತಿತ್ತು. ಊರಿಗೆ ಮರಳಿದ ಮೇಲೆ ಬಂದದ್ದೇ 15 ಲಕ್ಷದ ದಾನ.

ಆ ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಗಿರಣಿಗಳು ಚೆನ್ನಾಗಿ ಲಾಭ ಮಾಡಿದವು. ಬೆಲೆಗಳು ಏರಿದವು, ಕೂಲಿ ಅಷ್ಟು ಏರಲಿಲ್ಲ. 1919ರಲ್ಲೂ 1920ರಲ್ಲೂ ಗಿರಣಿ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಆ ಗಿರಣಿಗಳಲ್ಲಿ ನೂಲು ಸುತ್ತುತ್ತಿದ್ದವರಲ್ಲಿ ಸಾವಿರಾರು ಹೆಂಗಸರಿದ್ದರು. ಅವರ ಹೆಣ್ಣುಮಕ್ಕಳಿಗೆ ಜಿ.ಎ. ಪದವಿ ಬಹಳ ದೂರದ ಮಾತು. ದಾನ ದೊಡ್ಡದೇ. ಆದರೆ ಆ ದುಡ್ಡಿನಲ್ಲಿ ಅವರ ಬೆವರೂ ಇತ್ತು ಎಂಬುದನ್ನು ಮರೆಯುವುದು ಸರಿಯಲ್ಲ.

ಹಣ ಬಂದರೆ ಎಲ್ಲವೂ ಬಂದಂತೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಹಾಗಾಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಸರ್ಕಾರದ ಮಾನ್ಯತೆ ಸಿಗಲಿಲ್ಲ. 1919ರ ಸುಧಾರಣೆಯಿಂದ ಪ್ರಾಂತಗಳಲ್ಲಿ ಶಿಕ್ಷಣ ಖಾತೆ ಭಾರತೀಯ ಮಂತ್ರಿಗಳಿಗೆ ಬಂತು. 1921ರಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಮಂತ್ರಿಯಾದವರು ಆರ್. ಪಿ. ಪರಾಂಜಪೆ. ಕರ್ವೆಯವರ ಹತ್ತಿರದ ಸಂಬಂಧಿ, ಇದೇ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ! ನಮ್ಮವರೇ ಕುರ್ಚಿಯಲ್ಲಿ ಕೂತರೂ ಮಾನ್ಯತೆ ಬರಲಿಲ್ಲ. ಠಾಕರ್‌ಸಿಯವರೂ ದಾನ ಕೊಟ್ಟ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಎಪ್ಪತ್ತು ದಾಟಿದ ಕರ್ವೆ 1929ರಲ್ಲಿ ಯುರೋಪ್, ಅಮೆರಿಕ, ಜಪಾನ್ ಸುತ್ತಿ, ಆಮೇಲೆ ಆಫ್ರಿಕಕ್ಕೂ ಹೋಗಿ, ಮತ್ತೆ ಚಂದಾ ಎತ್ತಿದರು. 1936ರಲ್ಲಿ ಸಂಸ್ಥೆಯ ಕೇಂದ್ರ ಪುಣೆಯಿಂದ ಮುಂಬಯಿಗೆ ಬಂತು.

ಈ ಇಡೀ ಅವಧಿಯಲ್ಲಿ ನನಗೆ ಬಹಳ ಹಿಡಿಸಿದ ವ್ಯಕ್ತಿ ಪ್ರೇಮಲೀಲಾ ಠಾಕರ್‌ಸಿ. ಗಂಡನಿಗೆ ಬ್ರಿಟಿಷರು 'ಸರ್' ಪದವಿ ಕೊಟ್ಟದ್ದರಿಂದ ಇವರು 'ಲೇಡಿ'. ಆದರೆ 1933ರಲ್ಲಿ ಸೆರೆಮನೆಯಿಂದ ಹೊರಬಂದ ಗಾಂಧೀಜಿ 21 ದಿನಗಳ ಉಪವಾಸ ಮುಂದುವರಿಸಿದ್ದು ಪುಣೆಯ ಇವರ ಮನೆ 'ಪರ್ಣಕುಟಿ'ಯಲ್ಲಿ. ಸರ್ಕಾರದ ಬಿರುದು ಹೊತ್ತ ಮನೆ, ಸರ್ಕಾರದ ಕೈದಿಗೆ ಆಸರೆ! ಗಂಡನ ದಾನವನ್ನು ಅವರು ಗೋಡೆಯ ಮೇಲಿನ ಹೆಸರಾಗಿ ಬಿಡದೆ ಸಂಸ್ಥೆಯ ಕೆಲಸಕ್ಕೆ ತಾವೇ ಇಳಿದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಮುಂಬಯಿ ಶಾಸನಸಭೆ ಎಸ್‌ಎನ್‌ಡಿಟಿ ಕಾಯ್ದೆ ಮಾಡಿತು. 1951ರಲ್ಲಿ ಶಾಸನಬದ್ಧ ಮಾನ್ಯತೆ ಸಿಕ್ಕಿತು. ಆ ಹೊಸ ಅಧ್ಯಾಯದ ಮೊದಲ ಉಪಕುಲಪತಿ ಪ್ರೇಮಲೀಲಾ ಅವರೇ. ದಾನದಿಂದ ಮಾನ್ಯತೆಯವರೆಗೆ ಲೆಕ್ಕ ಹಾಕಿದರೆ 31 ವರ್ಷ.

ಆ 31 ವರ್ಷ ಸರ್ಕಾರ ಒಪ್ಪದ ಪದವಿಗಾಗಿ ಕೂತು ಓದಿದ ಹುಡುಗಿಯರನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಸರ್ಕಾರಿ ಮುದ್ರೆಯಿಲ್ಲದ ಜಿ.ಎ. ಕೈಯಲ್ಲಿ ಹಿಡಿದು "ನಾನೂ ಪದವೀಧರೆ" ಎಂದವರು ಅವರು. ದಾನಿಯ ಹೆಸರು ರಸ್ತೆಗೂ ಇದೆ, ಕರ್ವೆಯವರಿಗೆ 1958ರಲ್ಲಿ ಭಾರತರತ್ನ ಬಂತು. ಈ ಹುಡುಗಿಯರಿಗೆ ಯಾವ ಫಲಕವೂ ಇಲ್ಲ. ಆದರೆ ಅವರು ಬಂದು ಕೂರದಿದ್ದರೆ 15 ಲಕ್ಷಕ್ಕೆ ಬಡ್ಡಿ ಬೆಳೆಯುತ್ತಿತ್ತೇ ಹೊರತು ವಿಶ್ವವಿದ್ಯಾಲಯ ಬೆಳೆಯುತ್ತಿರಲಿಲ್ಲ.

ಕರ್ವೆಯವರ ಎಲ್ಲ ವಿಚಾರಗಳೂ ನನಗೆ ಒಪ್ಪಿಗೆಯಿಲ್ಲ. ಹೆಚ್ಚಿನ ಹೆಂಗಸರು ಹೆಂಡತಿ, ತಾಯಿ ಆಗುವವರು, ಆದ್ದರಿಂದ ಅವರ ಪಾಠಕ್ರಮವೇ ಬೇರೆಯಿರಲಿ ಎಂಬುದು ಅವರ ನಿಲುವಾಗಿತ್ತು. ಎಂ.ಟೆಕ್. ಮಾಡಿದ ನನಗೆ ಅದು ಇಕ್ಕಟ್ಟಾದ ಅಂಗಿಯಂತೆ ಕಾಣುತ್ತದೆ. ಆದರೆ ಅದೇ ವಿಶ್ವವಿದ್ಯಾಲಯ 1997ರಲ್ಲಿ ಜುಹು ಆವರಣದಲ್ಲಿ ಹೆಣ್ಣುಮಕ್ಕಳಿಗೆ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದು ಅದಕ್ಕೆ ಉಷಾ ಮಿತ್ತಲ್ ಅವರ ಹೆಸರಿದೆ, ಅದೂ ಒಂದು ಉದ್ಯಮಿ ಕುಟುಂಬದ ಹೆಸರೇ. ಸಂಸ್ಥೆ ಬದುಕಿ ಉಳಿದರೆ ಸ್ಥಾಪಕರ ಮಿತಿಯನ್ನೂ ದಾಟಬಲ್ಲದು.

ಇಂದು ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಒಳ್ಳೆಯ ಕಾನೂನು. ಆದರೆ ಅದರ ನಿಯಮದಲ್ಲಿ 'ಮುಂದುವರಿಯುವ ಯೋಜನೆ' ಎಂದರೆ, ಶುರುವಾದ ವರ್ಷ ಬಿಟ್ಟು, ಹೆಚ್ಚೆಂದರೆ ಮೂರು ವರ್ಷ. ಕರ್ವೆಯವರ ವಿಶ್ವವಿದ್ಯಾಲಯವನ್ನು ಈ ಅಳತೆಗೋಲಿನಲ್ಲಿ ಅಳೆದಿದ್ದರೆ 1924ರ ಹೊತ್ತಿಗೇ "ಫಲಿತಾಂಶ ಸಾಲದು" ಎಂದು ಕಡತ ಮುಚ್ಚುತ್ತಿದ್ದೆವು. ಹಣ ಕೊಟ್ಟವರು, ಕಾಯ್ದವರು, ಓದಿದವರು, ಕೊನೆಗೆ ಬದಲಾದ ಸರ್ಕಾರ: ಎಲ್ಲರೂ ಸೇರಿದಾಗಲೇ ಕೆಲಸ ಮುಗಿದದ್ದು.

ಆದ್ದರಿಂದ ನಮ್ಮ ಮಹಿಳಾ ವೇದಿಕೆಯ ಮುಂದೆ ನನ್ನದೊಂದು ಸಣ್ಣ ಸಲಹೆ. ವಿದ್ಯಾರ್ಥಿ ವೇತನ ಕೊಡುವಾಗ ಹತ್ತು ಹುಡುಗಿಯರಿಗೆ ಒಂದು ವರ್ಷ ಕೊಟ್ಟು ಫೋಟೊ ತೆಗೆಸುವುದಕ್ಕಿಂತ, ಮೂವರಿಗಾದರೂ ಅವರ ಓದು ಮುಗಿಯುವವರೆಗೆ ಕೊಡೋಣ. ಸಮಿತಿ ಬದಲಾದರೂ, ಅಧ್ಯಕ್ಷೆ ಬದಲಾದರೂ ಆ ಮೂವರ ಫೀಸು ನಿಲ್ಲದಂತೆ ಠರಾವು ಬರೆದಿಡೋಣ. ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತರುತ್ತೇನೆ. ದಯವಿಟ್ಟು ಎಲ್ಲರೂ ಬನ್ನಿ.